ಬಾಯಿಯ ಪಾಠ, ಕೈಯ ಮಾತು

ಮಗುವಿಗೆ ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾದ ದಿನದಿಂದ ಬೆಂಗಳೂರಿನ ತಂದೆತಾಯಿಯರಿಗೆ ಎರಡು ಬಗೆಯ ಬುದ್ಧಿಮಾತು ಶುರುವಾಗುತ್ತದೆ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎನ್ನುವವರು ಕೆಲವರು, ಸನ್ನೆ ಕಲಿಸದಿದ್ದರೆ ಭಾಷೆಯೇ ಬರುವುದಿಲ್ಲ ಎನ್ನುವವರು ಇನ್ನು ಕೆಲವರು. ಈ ಜಗ್ಗಾಟಕ್ಕೆ ಸುಮಾರು ಎರಡೂವರೆ ಶತಮಾನದ ವಯಸ್ಸು.

ಪ್ಯಾರಿಸ್‌ನ ಪಾದ್ರಿ ಡಿ ಲೆಪೆ ಕಿವುಡ ಮಕ್ಕಳ ಸನ್ನೆಗಳನ್ನೇ ಪಾಠದ ದಾರಿ ಮಾಡಿಕೊಂಡರೆ, 1778ರಲ್ಲಿ ಲೈಪ್‌ಜಿಗ್‌ನಲ್ಲಿ ಶಾಲೆ ತೆರೆದ ಸ್ಯಾಮ್ಯುಯೆಲ್ ಹೈನಿಕೆ, ಬಾಯಿಮಾತಿಲ್ಲದೆ ವಿಚಾರಶಕ್ತಿಯೇ ಬೆಳೆಯದೆಂದು ನಂಬಿದ್ದರು. 1880ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ, ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಸನ್ನೆಗಿಂತ ಬಾಯಿಮಾತೇ ಮೇಲೆಂದು ನಿರ್ಣಯಿಸಿತು. ಅಲ್ಲಿದ್ದ ನೂರ ಅರವತ್ತಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ ಒಬ್ಬರು. ಮುಂಬೈ, ಕೊಲ್ಕತ್ತಾದ ಮೊದಲ ಕಿವುಡರ ಶಾಲೆಗಳೂ 1901ರ ಮೈಸೂರಿನ ಶಾಲೆಯೂ ಕಣ್ಣು ಬಿಟ್ಟದ್ದು ಆ ನಿರ್ಣಯದ ಗಾಳಿ ಬೀಸುತ್ತಿದ್ದ ಕಾಲದಲ್ಲಿ.

ಬಾಯಿಮಾತಿನ ಪಾಠ ಕನ್ನಡದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಮಗುವನ್ನು ಕನ್ನಡಿಯ ಮುಂದೆ ಕೂರಿಸಿ, ಬಾಯಿಯೆದುರು ಕಾಗದದ ಚೂರು ಹಿಡಿದು, ಅದು ಅಲುಗಿದರೆ 'ಪ' ಎಂದೂ, ಶಿಕ್ಷಕಿಯ ಗಂಟಲಿನ ಮೇಲಿಟ್ಟ ಅಂಗೈಗೆ ನಡುಕ ತಾಗಿದರೆ 'ಬ' ಎಂದೂ, ಮೂಗಿನ ಪಕ್ಕದ ಬೆರಳಿಗೆ ಅದು ತಾಗಿದರೆ 'ಮ' ಎಂದೂ ಹೇಳಿಕೊಡುತ್ತಾರೆ. ಅಪಾರ ತಾಳ್ಮೆ ಬೇಡುವ ಕೆಲಸವಿದು. ಅದನ್ನು ಮಾಡಿದವರ ಪ್ರೀತಿಯನ್ನು ಸಂಶಯಿಸುವಂತಿಲ್ಲ. ಆದರೆ ತರಗತಿಯಿಂದ ಹೊರಗೆ ಬಂದ ಮಗುವಿಗೆ ಬರೀ ತುಟಿ ನೋಡಿದರೆ ಪರ, ಬರ, ಮರ ಮೂರೂ ಒಂದೇ. ಹಲ್ಲಿಗೂ ಹಳ್ಳಿಗೂ ಇರುವ ವ್ಯತ್ಯಾಸ ಬಾಯೊಳಗೆ ಅಡಗಿದೆ. 'ಕ', 'ಗ' ಹುಟ್ಟುವ ಜಾಗವಂತೂ ಕಣ್ಣಿಗೆ ಬೀಳುವುದೇ ಇಲ್ಲ. ಊಹೆಯ ಮೇಲೆ ಊಹೆ ಪೇರಿಸುತ್ತ ಆ ಮಗು ಸಮಾಜ, ವಿಜ್ಞಾನ, ಗಣಿತ ಎಲ್ಲವನ್ನೂ ಕಲಿಯಬೇಕಿತ್ತು. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿಯ ತಂದೆತಾಯಿಗೆ ಕಿವಿ ಕೇಳಿಸುತ್ತದಾದ್ದರಿಂದ ಮನೆಯಲ್ಲೂ ಸನ್ನೆ ಸಿಗುತ್ತಿರಲಿಲ್ಲ. ಪಾಠದಲ್ಲಿ ಕೈ ಕಟ್ಟಿ ಕೂತವರು ಹಾಸ್ಟೆಲ್‌ನಲ್ಲಿ ದೊಡ್ಡ ಮಕ್ಕಳ ಕೈ ನೋಡಿ ಭಾಷೆ ಕಲಿತರು.

1960ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ, ಸನ್ನೆಗೂ ಭಾಷೆಯಂತೆ ತನ್ನದೇ ರಚನೆಯಿದೆಯೆಂದು ತೋರಿಸಿಕೊಟ್ಟರು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದ ಮೇಲೆ ನಮ್ಮಲ್ಲಿ ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆಗಳಿಗೆ ಗಟ್ಟಿ ನೆಲೆ ಸಿಕ್ಕಿತು. ಬೆಂಗಳೂರಿನ ಕಿವುಡರು ಬಳಸುವ ಸನ್ನೆಗಳ ಬಗ್ಗೆ 1985ರಲ್ಲಿ ಪ್ರತ್ಯೇಕ ಅಧ್ಯಯನವೊಂದು ಪ್ರಕಟವಾಯಿತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನ ಮಿಲಾನ್ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಯ ಕೇಂದ್ರ ಸ್ಥಾಪನೆಯಾಯಿತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಬಲ್ಲ ಶಿಕ್ಷಕರ ನೇಮಕದ ಮಾತಾಡಿತು.

ಈಗ ಚರ್ಚೆ ಕಾಕ್ಲಿಯರ್ ಇಂಪ್ಲಾಂಟ್‌ನ, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಕೂರಿಸುವ ಶ್ರವಣ ಸಾಧನದ, ಸುತ್ತ ತಿರುಗುತ್ತಿದೆ. ಸನ್ನೆ ಮಾತಿಗೆ ಅಡ್ಡಿಯೇ ಎಂಬ ವಾದ ಇನ್ನೂ ನಿಂತಿಲ್ಲ; ಆದರೆ ಎಳವೆಯಲ್ಲಿ ಯಾವ ಭಾಷೆಯೂ ದಕ್ಕದ ಮಗು ಕಳೆದುಕೊಳ್ಳುವುದನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟವೆಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಇಂಪ್ಲಾಂಟ್ ಆದ ಮಕ್ಕಳೂ ಸಾಮಾನ್ಯವಾಗಿ ಮಲಗುವಾಗ, ಸ್ನಾನದ ಹೊತ್ತಿನಲ್ಲಿ ಅದರ ಹೊರಗಿನ ಯಂತ್ರವನ್ನು ತೆಗೆದಿಡುತ್ತಾರೆ. ಬಚ್ಚಲಲ್ಲಿ ತಲೆಗೆ ನೀರು ಹೊಯ್ಯುವ ಮುನ್ನ, ನೀರು ಸುಡುತ್ತಿದೆಯೇ ಎಂದು ಮಗುವನ್ನು ಕೇಳಲು ತಾಯಿಯ ಬಳಿ ಆಗ ಇರುವುದು ಅವಳ ಎರಡು ಕೈಗಳು.