ಊಳಿಗಮಾನ್ಯ ಪದ್ಧತಿಯ ವರ್ಗಗಳು: ಮಾನ್ಯ ಪಡೆದವರು, ಬಿಟ್ಟಿ ದುಡಿದವರು

ಊಳಿಗಮಾನ್ಯ ಪದ್ಧತಿ ಎಂದ ಕೂಡಲೇ ನಮ್ಮೆಲ್ಲರ ನೋಟ್‌ಬುಕ್ಕಿನಲ್ಲೂ ಒಂದು ಪಿರಮಿಡ್ ಇರುತ್ತದೆ. ತುದಿಯಲ್ಲಿ ರಾಜ, ಕೆಳಗೆ ದೊಡ್ಡ ಪ್ರಭುಗಳು, ಆಮೇಲೆ ನೈಟ್‌ಗಳು, ಬುಡದಲ್ಲಿ ಜೀತಗಾರರು. ನಾನೂ ಅದನ್ನೇ ಬರೆದು ಅಂಕ ಪಡೆದವನು. ಆದರೆ ಓದುತ್ತಾ ಹೋದಂತೆ ಗೊತ್ತಾಯಿತು, ಈ ಚಿತ್ರ ಎರಡು ಬೇರೆ ಬೇರೆ ನಂಟುಗಳನ್ನು ಒಂದೇ ಏಣಿಗೆ ಕಟ್ಟಿಬಿಡುತ್ತದೆ. ರಾಜನಿಗೂ ಪ್ರಭುವಿಗೂ ಇದ್ದದ್ದು ಒಂದು ಬಗೆಯ ನಂಟು, ಪ್ರಭುವಿಗೂ ಉಳುವವನಿಗೂ ಇದ್ದದ್ದು ಇನ್ನೊಂದು ಬಗೆ. ಎರಡನ್ನೂ ಬಿಡಿಸಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ತಲೆಗೆ ಹತ್ತುತ್ತದೆ.

ಹೆಸರನ್ನೇ ಒಡೆದು ನೋಡಿ. ಊಳಿಗ ಎಂದರೆ ಸೇವೆ. ಮಾನ್ಯ ಎಂದರೆ ಕಂದಾಯವಿಲ್ಲದೆಯೋ ಕಡಿಮೆ ಕಂದಾಯಕ್ಕೋ ಬಿಟ್ಟುಕೊಟ್ಟ ಭೂಮಿ. ಸೇವೆಗಾಗಿ ಭೂಮಿ, ನಮ್ಮ ಹಳ್ಳಿಗಳ ಉಂಬಳಿಯ ಹಾಗೆ. ಮೇಲಿನವರ ನಡುವಿನ ವ್ಯವಹಾರಕ್ಕೆ ಈ ಪದ ಸೊಗಸಾಗಿ ಒಪ್ಪುತ್ತದೆ. ಕೆಳಗಿನವರಿಗೆ ಒಪ್ಪುವ ಪದ ಬೇರೆಯೇ ಇದೆ, ಬಿಟ್ಟಿ, ಅಂದರೆ ಕೂಲಿಯಿಲ್ಲದ ಕಡ್ಡಾಯ ದುಡಿಮೆ. ದಾಖಲೆಗಳು ಚೆನ್ನಾಗಿ ಉಳಿದಿರುವ ಇಂಗ್ಲೆಂಡನ್ನೇ ಉದಾಹರಣೆಯಾಗಿ ಹಿಡಿದು ಎರಡನ್ನೂ ನೋಡೋಣ.

ಮಾನ್ಯದ ಕಡೆ

1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಕಾಳಗವನ್ನು ಗೆದ್ದು ಇಂಗ್ಲೆಂಡಿನ ರಾಜನಾದ. ಇಡೀ ನೆಲವೆಲ್ಲ ರಾಜನದು, ಉಳಿದವರು ಅವನಿಂದ ಪಡೆದು ಅನುಭವಿಸುವವರು ಎಂಬ ತತ್ವ ಅಲ್ಲಿ ಗಟ್ಟಿಯಾಗಿ ಬೇರೂರಿತು. 1085ರ ಕ್ರಿಸ್‌ಮಸ್ ವೇಳೆಗೆ ಗ್ಲಾಸ್ಟರ್‌ನಲ್ಲಿ ಕುಳಿತು ಅವನು ಆಜ್ಞೆ ಮಾಡಿದ: ಯಾರ ಬಳಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ, ಎಲ್ಲವನ್ನೂ ಬರೆಸಿ. 1086ರ ಆ ದಾಖಲೆಯೇ ಡೂಮ್ಸ್‌ಡೇ ಬುಕ್. ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡದೆ ಬರೆಸಿಕೊಂಡ ಎಂದು ಅಂದಿನ ವೃತ್ತಾಂತಕಾರನೊಬ್ಬ ನೊಂದು ಬರೆದಿದ್ದಾನೆ. ಅದರ ಪ್ರಕಾರ ಭೂಮಿಯ ಮೌಲ್ಯದಲ್ಲಿ ಹತ್ತಿರ ಹತ್ತಿರ ಆರನೇ ಒಂದು ಪಾಲು ರಾಜಮನೆತನದ್ದು, ಸುಮಾರು ಕಾಲುಭಾಗ ಚರ್ಚಿನದ್ದು. ಅರ್ಧದಷ್ಟು ಭೂಮಿ ಸುಮಾರು 200 ಪ್ರಭುಗಳ ಕೈಯಲ್ಲಿತ್ತು. ಅವರಲ್ಲಿ ಹೆಚ್ಚಿನವರು ಕಡಲು ದಾಟಿ ಬಂದವರು.

ಪ್ರಭು ರಾಜನ ಸಾಮಂತನಾಗುವುದಕ್ಕೆ ಒಂದು ವಿಧಿ ಇತ್ತು. ಆಯುಧ ಕಳಚಿಟ್ಟು, ಬರಿತಲೆಯಲ್ಲಿ ಮಂಡಿಯೂರಿ, ಜೋಡಿಸಿದ ಎರಡೂ ಕೈಗಳನ್ನು ಒಡೆಯನ ಅಂಗೈಗಳ ನಡುವೆ ಇಡಬೇಕು. ‘ನಾನು ನಿನ್ನ ಮನುಷ್ಯ’ ಎನ್ನಬೇಕು. ಇದೇ ಹೋಮೇಜ್. ಫ್ರೆಂಚಿನಲ್ಲಿ ‘ಒಮ್’ ಎಂದರೆ ಮನುಷ್ಯ, ಹೆಸರು ಬಂದದ್ದು ಅದರಿಂದಲೇ. ಆಮೇಲೆ ನಿಷ್ಠೆಯ ಪ್ರಮಾಣ. ಇದರಲ್ಲಿ ಗಮನಿಸಬೇಕಾದದ್ದು, ಇಬ್ಬರೂ ಸ್ವತಂತ್ರರು, ಕಟ್ಟುಪಾಡು ಇಬ್ಬರಿಗೂ ಇದೆ. ಸಾಮಂತ ವರ್ಷಕ್ಕೆ ವಾಡಿಕೆಯಂತೆ 40 ದಿನ ತನ್ನ ನೈಟ್‌ಗಳೊಡನೆ ಯುದ್ಧಸೇವೆ ಕೊಡಬೇಕು, ಆಸ್ಥಾನಕ್ಕೆ ಬಂದು ಸಲಹೆ ಹೇಳಬೇಕು. ಒಡೆಯ ಸೆರೆಸಿಕ್ಕಾಗ, ಅವನ ಹಿರಿಮಗ ನೈಟ್ ಆದಾಗ, ಹಿರಿಮಗಳ ಮೊದಲ ಮದುವೆಯಾದಾಗ ಹಣ ಕೊಡಬೇಕು. ಒಡೆಯ ಅವನಿಗೆ ರಕ್ಷಣೆ ಮತ್ತು ನ್ಯಾಯ ಕೊಡಬೇಕು. ಕೊಡದಿದ್ದರೆ ಸಾಮಂತ ನಿಷ್ಠೆಯನ್ನು ವಾಪಸು ಪಡೆಯಬಹುದಿತ್ತು. 1215ರಲ್ಲಿ ಬಂಡೆದ್ದ ಬ್ಯಾರನ್‌ಗಳು, ಅಂದರೆ ದೊಡ್ಡ ಪ್ರಭುಗಳು, ರಾಜ ಜಾನನಿಗೆ ಮಾಡಿದ್ದು ಇದನ್ನೇ. ಅದರ ಫಲ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು, ಮ್ಯಾಗ್ನಾ ಕಾರ್ಟಾ.

ಮ್ಯಾಗ್ನಾ ಕಾರ್ಟಾವನ್ನು ‘ಪ್ರಜಾಪ್ರಭುತ್ವದ ತಾಯಿಬೇರು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅದನ್ನು ತೆರೆದರೆ ಆರಂಭದ ವಿಧಿಗಳಲ್ಲೇ ಸಿಗುವುದು ಈ ಊಳಿಗ–ಮಾನ್ಯದ ಜಗಳಗಳು. ತಂದೆ ಸತ್ತ ಮೇಲೆ ಮಗ ಮಾನ್ಯಕ್ಕೆ ಬರಲು ಕಟ್ಟಬೇಕಾದ ಹಣ ಬ್ಯಾರನ್‌ಗೆ 100 ಪೌಂಡ್, ನೈಟ್‌ಗೆ ಹೆಚ್ಚೆಂದರೆ 100 ಷಿಲಿಂಗ್ ಎಂದು ಅಲ್ಲಿ ಗೆರೆ ಎಳೆದಿದ್ದಾರೆ. ವಿಧವೆಯನ್ನು ಮರುಮದುವೆಗೆ ಬಲವಂತ ಮಾಡಬಾರದು ಎಂಬ ವಿಧಿಯೂ ಇದೆ. ಪ್ರಭುವರ್ಗದ ಹೆಣ್ಣಿನ ಸ್ಥಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅವಳೊಂದಿಗೆ ಭೂಮಿಯೂ ಹೋಗುತ್ತಿತ್ತು, ಆದ್ದರಿಂದ ಅವಳ ಮದುವೆ ಒಡೆಯನ ಪಾಲಿಗೆ ವ್ಯಾಪಾರವಾಗಿತ್ತು.

ನೈಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುದುರೆ, ಕವಚ, ಈಟಿ ಇದ್ದ ಯೋಧ, ಅದರ ಖರ್ಚಿಗೆ ಭೂಮಿ. 12ನೇ ಶತಮಾನದ ಹೊತ್ತಿಗೆ ಯುದ್ಧಕ್ಕೆ ಹೋಗುವ ಬದಲು ಹಣ ಕಟ್ಟಿ ಬಿಡುವ ರೂಢಿ ಬೆಳೆದಿತ್ತು, ಅದಕ್ಕೆ ಸ್ಕೂಟೇಜ್ ಎಂದು ಹೆಸರು.

ಪ್ರಾರ್ಥಿಸುವವರು, ಕಾದಾಡುವವರು, ದುಡಿಯುವವರು ಎಂಬ ಮೂರು ವರ್ಗಗಳ ಮಾತನ್ನು 11ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಂ ಪಟ್ಟಣದ ಬಿಷಪ್ ಅಡಲ್ಬೆರೊ ಹೇಳಿದ. ಹೇಳಿದವನು ಯಾವ ವರ್ಗದವನು ಎಂಬುದನ್ನು ಮರೆಯಬೇಡಿ. ಒಬ್ಬರಿಗೊಬ್ಬರು ಆಸರೆ ಎನ್ನುವ ಆ ಮಾತು ಸಮಾಜ ಹೇಗಿರಬೇಕೆಂದು ಚರ್ಚು ಬಯಸಿತು ಎಂಬುದನ್ನು ಹೇಳುತ್ತದೆ. ನೆಲದ ಮೇಲೆ ಪ್ರಾರ್ಥಿಸುವವರೇ ದೊಡ್ಡ ಜಮೀನ್ದಾರರೂ ಆಗಿದ್ದರು.

ಬಿಟ್ಟಿಯ ಕಡೆ

ಡೂಮ್ಸ್‌ಡೇ ಲೆಕ್ಕದಲ್ಲಿ ಹೆಸರಿಸಿದ ಕುಟುಂಬದ ಯಜಮಾನರಲ್ಲಿ ಸುಮಾರು 40 ಶೇಕಡಾ ವಿಲೆನ್‌ಗಳು (ಒಡೆಯನ ಕೈಕೆಳಗಿನ ರೈತರು), 30 ಶೇಕಡಾದಷ್ಟು ಚೂರುಪಾರು ಭೂಮಿಯ ಗುಡಿಸಲಿನವರು, ಸುಮಾರು 10 ಶೇಕಡಾ ಗುಲಾಮರು. ಸ್ವತಂತ್ರ ರೈತರು ಏಳರಲ್ಲಿ ಒಬ್ಬರಷ್ಟು. ಮುಂದಿನ ನೂರು ವರ್ಷಗಳಲ್ಲಿ ಗುಲಾಮಗಿರಿ ಕರಗಿತು, ವಿಲೆನ್‌ಗಿರಿ ಗಟ್ಟಿಯಾಯಿತು. ನಮ್ಮ ಸಿನಿಮಾದ ‘ವಿಲನ್’ ಈ ವಿಲೆನ್ ಪದದಿಂದಲೇ ಬಂದದ್ದು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹಳ್ಳಿಯವನು, ಅಷ್ಟೆ. ಉಳುವವನ ಹೆಸರು ಕೇಡಿಯ ಹೆಸರಾದದ್ದು ಮೇಲಿನವರ ಬಾಯಲ್ಲಿ. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಪಠ್ಯಗಳು ವಿಲೆನ್‌ನನ್ನು ‘ಜೀತಗಾರ’ ಎನ್ನುತ್ತವೆ. ಪರೀಕ್ಷೆಗೆ ಸರಿ, ಆದರೆ ಎಚ್ಚರ ಬೇಕು. ಭಾರತದಲ್ಲಿ 1976ರ ಕಾಯ್ದೆ ರದ್ದು ಮಾಡಿದ ಜೀತ ಮುಖ್ಯವಾಗಿ ಸಾಲದ ಕುಣಿಕೆ. ವಿಲೆನ್‌ನನ್ನು ಕಟ್ಟಿಹಾಕಿದ್ದು ಹುಟ್ಟು. ಅವನಿಗೆ ಸಾಗುವಳಿಗೆ ಸ್ವಂತ ಪಾಲಿನ ಭೂಮಿ ಇತ್ತು, ಅದು ಮಗನಿಗೂ ಹೋಗುತ್ತಿತ್ತು. ಇಲ್ಲದಿದ್ದದ್ದು ಬಿಟ್ಟುಹೋಗುವ ಹಕ್ಕು, ಮತ್ತು ಒಡೆಯನ ಮೇಲೆ ರಾಜನ ನ್ಯಾಯಾಲಯಕ್ಕೆ ದೂರು ಒಯ್ಯುವ ಹಕ್ಕು.

ಒಬ್ಬ ನಿಜವಾದ ಮನುಷ್ಯನನ್ನು ನೋಡೋಣ. ಹೇಸ್ಟಿಂಗ್ಸ್ ಕಾಳಗ ನಡೆದ ಜಾಗದಲ್ಲೇ ವಿಲಿಯಂ ಒಂದು ಮಠ ಕಟ್ಟಿಸಿದ, ಅದು ಬ್ಯಾಟಲ್ ಅಬ್ಬೆ. ಸಸೆಕ್ಸಿನ ಬರ್ನ್‌ಹಾರ್ನ್ ಎಂಬ ಮ್ಯಾನರ್, ಅಂದರೆ ಒಡೆಯನ ಹಿಡಿತದ ಜಮೀನು, ಆ ಮಠದ್ದು. 1307ರಲ್ಲಿ ಅಲ್ಲಿ ಊರವರಿಂದ ಪ್ರಮಾಣ ಮಾಡಿಸಿ ಯಾರು ಏನು ಕೊಡಬೇಕೆಂದು ಬರೆಸಿದರು. ಅದರಲ್ಲಿ ಕೇವರ್ತ್‌ನ ಜಾನ್ ಎಂಬವನಿದ್ದಾನೆ. ಅವನಿಗೆ ಒಂದು ಮನೆ, 30 ಎಕರೆ ಭೂಮಿ. ವರ್ಷಕ್ಕೆ 2 ಷಿಲಿಂಗ್ ಗೇಣಿ. ಕ್ರಿಸ್‌ಮಸ್‌ಗೆ ಒಂದು ಹುಂಜ, ಎರಡು ಹೇಂಟೆ. ಬಿತ್ತನೆಯ ಕಾಲಕ್ಕೆ ತನ್ನದೇ ಕುದುರೆ, ತನ್ನದೇ ಹಲುಬೆ (ಉತ್ತ ಮಣ್ಣನ್ನು ಸಮ ಮಾಡುವ ಸಾಧನ) ತಂದು ಎರಡು ದಿನ ಮಠದ ಹೊಲದಲ್ಲಿ ಹಲುಬೆ ಹೊಡೆಯಬೇಕು. ಎರಡು ದಿನ ಗಾಡಿಯಲ್ಲಿ ಗೊಬ್ಬರ ಸಾಗಿಸಬೇಕು. ಹುಲ್ಲು ಕೊಯ್ಯಲು ಆಳು ಕಳಿಸಬೇಕು, ಕಾಡಿನಿಂದ ಸೌದೆ ಹೊರಬೇಕು.

ಗುಮಾಸ್ತ ಪ್ರತಿ ಕೆಲಸದ ಪಕ್ಕದಲ್ಲೂ ಬೆಲೆ ಬರೆದಿದ್ದಾನೆ. ಹಲುಬೆ ಕೆಲಸದ ಬೆಲೆ 4 ಪೆನ್ನಿ, ಅದಕ್ಕೆ ಮಠ ಹಾಕಬೇಕಾದ ಊಟದ ಖರ್ಚು 5 ಪೆನ್ನಿ. ಆದ್ದರಿಂದ ಒಡೆಯನಿಗೆ 1 ಪೆನ್ನಿ ನಷ್ಟ ಎಂದೂ ಲೆಕ್ಕ ಹಾಕಿದ್ದಾನೆ! ಆದರೂ ಆ ಕೆಲಸವನ್ನು ಪಟ್ಟಿಯಿಂದ ಹೊಡೆದುಹಾಕಿಲ್ಲ. ನನ್ನ ಅನಿಸಿಕೆ, ಬಿಟ್ಟಿಯ ಒಳಗುಟ್ಟು ಇಲ್ಲಿಯೇ ಇದೆ. ಕೆಲಸ ಲಾಭ ತರಲಿ ಬಿಡಲಿ, ಕರೆದಾಗ ಬರಬೇಕಾದವನು ಯಾರು ಎಂಬುದು ಬರವಣಿಗೆಯಲ್ಲಿ ಉಳಿಯಬೇಕಿತ್ತು.

ಪಟ್ಟಿಯ ಕೊನೆಯ ಷರತ್ತುಗಳು ಇನ್ನೂ ಕಟು. ಈ ವಿಲೆನ್‌ಗಳು ಮಠದ ಪಾರುಪತ್ತೇಗಾರನ ಅಪ್ಪಣೆ ಇಲ್ಲದೆ ಮಗಳ ಮದುವೆ ಮಾಡುವಂತಿಲ್ಲ, ಮಗನನ್ನು ಪಾದ್ರಿ ಮಾಡುವಂತಿಲ್ಲ, ತಾವು ಉಳುವ ಭೂಮಿಯ ಮರವನ್ನೂ ಕಡಿಯುವಂತಿಲ್ಲ. ಮನೆಯ ಯಜಮಾನ ಸತ್ತರೆ ಇದ್ದುದರಲ್ಲಿ ಒಳ್ಳೆಯ ದನ ಒಡೆಯನಿಗೆ. ಸೂತಕದ ಮನೆಯ ಕೊಟ್ಟಿಗೆಯಿಂದ ಎತ್ತು ಬಿಚ್ಚಿಕೊಂಡು ಹೋಗುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಈ ತೆರಿಗೆಯ ಹೆಸರು ಹೆರಿಯಟ್, ಮಗಳ ಮದುವೆಗೆ ಕೊಡುವ ಹಣ ಮರ್ಚೆಟ್. ಒಬ್ಬ ಸ್ವತಂತ್ರನೋ ಅಲ್ಲವೋ ಎಂದು ವ್ಯಾಜ್ಯವಾದಾಗ ನ್ಯಾಯಾಲಯಗಳು ‘ಮರ್ಚೆಟ್ ಕೊಟ್ಟಿದ್ದಾನೆಯೇ?’ ಎಂದು ಕೇಳುತ್ತಿದ್ದವು.

ಹಳ್ಳಿಯೊಳಗೂ ಎಲ್ಲರೂ ಒಂದೇ ಅಲ್ಲ. ರೀವ್ ಎಂಬ ಮುಖ್ಯಸ್ಥನನ್ನು ವಿಲೆನ್‌ಗಳ ನಡುವಿನಿಂದಲೇ ಆರಿಸುತ್ತಿದ್ದರು. ನಮ್ಮ ಪಟೇಲರ ನೆನಪಾಗಬಹುದು, ಆದರೆ ಪಟೇಲಿಕೆ ವಂಶಪಾರಂಪರ್ಯ, ಇದು ಹಾಗಲ್ಲ. ತನ್ನ ಜನರಿಂದಲೇ ಬಿಟ್ಟಿ ಮಾಡಿಸಿ ಒಡೆಯನಿಗೆ ಲೆಕ್ಕ ಒಪ್ಪಿಸುವ ಆ ಕೆಲಸ ಎರಡು ಕಡೆಯಿಂದಲೂ ಬೈಗುಳ ತರುವಂಥದ್ದು. ಇವೆಲ್ಲದರಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಪಟ್ಟಣ. ಸನ್ನದು ಪಡೆದ ಹಲವು ಪಟ್ಟಣಗಳಲ್ಲಿ ಒಂದು ವರ್ಷ ಒಂದು ದಿನ ಯಾರೂ ಹುಡುಕಿ ಬಾರದೆ ವಾಸವಿದ್ದರೆ ವಿಲೆನ್ ಸ್ವತಂತ್ರನಾಗುತ್ತಿದ್ದ.

ಕುಸಿತ

1348–49ರ ಮಹಾಮಾರಿ ಪ್ಲೇಗ್ ಜನಸಂಖ್ಯೆಯ ಮೂರನೇ ಒಂದು ಪಾಲಿಗೂ ಹೆಚ್ಚನ್ನು ಒಯ್ದಿತು. ಆಳುಗಳು ಸಿಗದಾದರು, ಕೂಲಿ ಏರಿತು. ಕೂಲಿಯನ್ನು ಹಳೆಯ ಮಟ್ಟಕ್ಕೆ ಇಳಿಸಲು 1351ರಲ್ಲಿ ಕಾನೂನು ಬಂತು. ಮೇಲೆ ತಲೆಗಂದಾಯ. 1381ರಲ್ಲಿ ರೈತರು ದಂಗೆ ಎದ್ದರು. ಹಲವು ಕಡೆ ಅವರು ಹುಡುಕಿ ಸುಟ್ಟದ್ದು ಮ್ಯಾನರ್ ನ್ಯಾಯಾಲಯದ ಸುರುಳಿಗಳನ್ನು, ಅಂದರೆ ಕೇವರ್ತ್‌ನ ಜಾನನಂಥವರ ಋಣ ಬರೆದಿಟ್ಟ ಕಾಗದಗಳನ್ನೇ.

ಸೇಂಟ್ ಆಲ್ಬನ್ಸ್ ಮಠದಲ್ಲಿ ನಡೆದದ್ದು ನನಗೆ ಮರೆಯಲಾಗುವುದಿಲ್ಲ. ಅಲ್ಲಿನವರು ಧಾನ್ಯವನ್ನು ಮಠದ ಗಿರಣಿಯಲ್ಲೇ ಬೀಸಿಸಬೇಕಿತ್ತು, ಅದಕ್ಕೆ ಪಾಲು ಕೊಡಬೇಕಿತ್ತು. ಮನೆಯಲ್ಲಿ ಬೀಸಿಕೊಂಡವರ ಬೀಸುಕಲ್ಲುಗಳನ್ನು ದಂಗೆಗೆ ಐವತ್ತು ವರ್ಷಗಳ ಹಿಂದೆ ಅಬಟ್ (ಮಠಾಧಿಪತಿ) ರಿಚರ್ಡ್ ಕಿತ್ತುಕೊಂಡು, ಮಠದ ಒಳಕೋಣೆಯ ನೆಲಕ್ಕೆ ಹಾಸಿಸಿದ್ದ. 1381ರಲ್ಲಿ ಜನ ಒಳನುಗ್ಗಿ ಆ ನೆಲವನ್ನು ಕಿತ್ತರು. ಕಲ್ಲುಗಳನ್ನು ಒಡೆದು, ಭಾನುವಾರ ಚರ್ಚಿನಲ್ಲಿ ಪವಿತ್ರ ರೊಟ್ಟಿ ಹಂಚುವ ಹಾಗೆ ತಲೆಗೊಂದು ಚೂರು ಹಂಚಿಕೊಂಡು ಮನೆಗೆ ಒಯ್ದರು.