ತುದಿ ಮುಟ್ಟಿದರೆ ಸಾಲದು, ತಂತಿಯನ್ನು ಮಲಗಿಸಿ

ಪ್ರಶ್ನೆ: ಸಾರ್, ಪ್ರಾಜೆಕ್ಟಿಗಾಗಿ ಶಿಡ್ಲಘಟ್ಟದ ಹತ್ತಿರ ನಮ್ಮ ರೇಷ್ಮೆ ಹುಳುಮನೆಯ ಸಿಮೆಂಟ್ ಶೀಟಿನ ಅಡಿಗೆ ಥರ್ಮೋಕಪಲ್ (ಬಿಸಿ ಅಳೆಯುವ ಜೋಡಿ ತಂತಿ) ಅಂಟಿಸಿದ್ದೇವೆ. ಶೀಟು ಕೈ ಸುಡುತ್ತೆ, ಮೀಟರ್ ಮಾತ್ರ ಕಡಿಮೆ ತೋರಿಸುತ್ತೆ. ಇನ್ನೂ ಸಣ್ಣ ತಂತಿ ಹಾಕಿದರೆ ಸರಿಹೋಗುತ್ತಾ?

ಪ್ರತಿ ವರ್ಷ ಪ್ರಾಜೆಕ್ಟ್ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಸಣ್ಣ ತಂತಿ ಬೇಕು, ನಿಜ. ಆದರೆ ಮೊದಲು ತಂತಿ ಹೋಗುವ ದಾರಿ ನೋಡಿ.

ಎರಡು ತಂತಿ ಸೇರುವ ತುದಿಯ ಗುಂಡು ಎಲ್ಲಿ ಮುಟ್ಟಿದೆಯೋ ಅಲ್ಲಿಯ ಬಿಸಿಯನ್ನೇ ಮೀಟರ್ ತೋರಿಸುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ಗುಂಡು ತೋರಿಸುವುದು ತನ್ನ ಬಿಸಿಯನ್ನು, ಶೀಟಿನದ್ದನ್ನಲ್ಲ. ಕುದಿಯುವ ಸಾರಿನಲ್ಲಿ ಸ್ಟೀಲ್ ಸೌಟು ಬಿಟ್ಟರೆ ಹಿಡಿ ಸುಡುತ್ತದೆ ಅಲ್ವಾ? ಆ ಬಿಸಿ ಸಾರಿನಿಂದಲೇ ಹತ್ತಿದ್ದು. ನೀವು ನೇರ ಕೆಳಕ್ಕೆ ಇಳಿಬಿಟ್ಟ ತಂತಿಯೂ ಹಾಗೆಯೇ. ಗುಂಡಿನ ಬಿಸಿಯನ್ನು ಕೆಳಗಿನ ಗಾಳಿಗೆ ಸಾಗಿಸುತ್ತಲೇ ಇರುತ್ತದೆ. ಸಿಮೆಂಟ್ ಶೀಟಿನಲ್ಲಿ ಬಿಸಿ ಹರಿಯುವುದು ನಿಧಾನ. ತಂತಿ ಎಳೆದುಕೊಂಡದ್ದನ್ನು ಅದು ಬೇಗ ತುಂಬಿಕೊಡಲಾರದು. ಹಾಗಾಗಿ ನೀವು ಅಳೆಯಲು ಹೋದ ಜಾಗವೇ ತಣ್ಣಗಾಗಿರುತ್ತದೆ. ಗಮ್ಮು ಜಾಸ್ತಿ ಮೆತ್ತಿದರೂ ಇದು ತಪ್ಪುವುದಿಲ್ಲ. ಟಿ ಟೈಪ್ ಥರ್ಮೋಕಪಲ್ ಆದರೆ ಇನ್ನೂ ಕಷ್ಟ. ಅದರ ಒಂದು ತಂತಿ ತಾಮ್ರದ್ದು. ಕೆ ಟೈಪಿನಲ್ಲಿರುವ ಕ್ರೋಮೆಲ್ ಎಂಬ ಮಿಶ್ರಲೋಹದ ತಂತಿಗಿಂತ ಸುಮಾರು 20 ಪಟ್ಟು ಬಿಸಿ ಸಾಗಿಸುತ್ತದೆ.

ತಂತಿಯನ್ನು ಶೀಟಿಗೆ ತಾಗಿಸಿ ಸ್ವಲ್ಪ ದೂರ ಮಲಗಿಸಿ, ಆಮೇಲೆ ಕೆಳಗೆ ತಿರುಗಿಸಿ. ಆಗ ಸೋರಿಕೆ ದೂರದ ತಂತಿಯಲ್ಲೇ ಮುಗಿಯುತ್ತದೆ. 0.05 ಮಿ.ಮೀ. ತಂತಿಗೆ ಗುಂಡಿನ ಎರಡೂ ಕಡೆ ಒಂದು ಸೆಂಟಿಮೀಟರ್ ಸಾಕು. 0.5 ಮಿ.ಮೀ. ತಂತಿಗೆ ಐದಾದರೂ ಬೇಕು.

ಸಣ್ಣ ತಂತಿ ನಿಜವಾಗಿ ಬೇಕಾಗುವುದು ಶೀಟಿಗೆ ತಾಗಿದ ಗಾಳಿಯನ್ನು ಅಳೆಯಲು. ಅಲ್ಲಿ ಗಾಳಿ ನಿಂತೇ ಇರುತ್ತದೆ, ಬಿಸಿ ಪದರದಿಂದ ಪದರಕ್ಕೆ ದಾಟುತ್ತದೆ. ಒಂದು ಮಿ.ಮೀ.ಗೆ 5 ಡಿಗ್ರಿ ಇಳಿದರೆ, ಅಂದರೆ ಮೀಟರಿನ ಲೆಕ್ಕದಲ್ಲಿ 5000, ಅದನ್ನು ಗಾಳಿ ಬಿಸಿ ಸಾಗಿಸುವ ಅಳತೆಯಾದ 0.026ರಿಂದ ಗುಣಿಸಿ: ಗಾಳಿಯ ಮೂಲಕ ದಾಟುವ ಬಿಸಿ ಚದರ ಮೀಟರಿಗೆ 130 ವ್ಯಾಟ್. ಆ ಒಂದು ಮಿ.ಮೀ.ನಲ್ಲಿ ಅರ್ಧ ಮಿ.ಮೀ. ಗುಂಡು ಇಟ್ಟು ಏನು ಅಳೆಯುತ್ತೀರಿ? ನಿಮ್ಮ ಗೂಡಿನಿಂದ ಬಿಚ್ಚುವ ಒಂಟಿ ಎಳೆ ಸುಮಾರು 0.02 ಮಿ.ಮೀ. ದಪ್ಪ. ಸೆನ್ಸರ್ ಆ ಅಳತೆಯ ಹತ್ತಿರ ಬರಬೇಕು.

ಆದರೆ 130 ಗಾಳಿಯ ಪಾಲು ಮಾತ್ರ. ಬಿಸಿ ಶೀಟು ಹುಳುಗಳ ಮೇಲೆ ನೇರವಾಗಿ ಸೂಸುವ ಶಾಖ ಬೇರೆ. ಅದಕ್ಕೇ ಶೀಟಿನ ಒಳಗಡೆ ಸುಣ್ಣ ಬಳಿಯುವವರಿಗೆ ಒಂದು ಮಾತು. ಕಣ್ಣಿಗೆ ಬೆಳ್ಳಗಿದ್ದರೂ ಸುಣ್ಣ ಶಾಖವನ್ನು ಚೆನ್ನಾಗಿಯೇ ಸೂಸುತ್ತದೆ. ಬಳಿಯಬೇಕಾದ್ದು ಮೇಲ್ಗಡೆ, ಬಿಸಿಲು ಬೀಳುವಲ್ಲಿ. ಒಳಗಡೆಗೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ, ಶೀಟಿಗೂ ಅದಕ್ಕೂ ನಡುವೆ ಸ್ವಲ್ಪ ಜಾಗ ಬಿಡಿ.