ಸ್ಲೈಡಿನಲ್ಲಿ ಮಲೇರಿಯಾ ಸ್ವಲ್ಪ, ರಕ್ತ ಯಾಕೆ ಇಷ್ಟು ಕಡಿಮೆ?

ವೈವ್ಯಾಕ್ಸ್ ಎಂಬ ಜಾತಿಯ ಮಲೇರಿಯಾದ ರಕ್ತದ ಸ್ಲೈಡ್ ನೋಡುವಾಗ ನನ್ನ ಕಣ್ಣು ಮೊದಲು ಹುಡುಕುವುದು ಕಣದ ಗಾತ್ರವನ್ನು. ರೋಗಾಣು ಹೊಕ್ಕ ಕೆಂಪು ಕಣ ಅಕ್ಕಪಕ್ಕದವುಗಳಿಗಿಂತ ಉಬ್ಬಿರುತ್ತದೆ, ಮೈತುಂಬ ಸಣ್ಣ ಗುಲಾಬಿ ಚುಕ್ಕೆಗಳು. ಇಂಥವು ನೂರಕ್ಕೆ ಎರಡು ಸಿಕ್ಕರೆ ಅದೇ ಜಾಸ್ತಿ. ಆದರೂ ಹಿಮೋಗ್ಲೋಬಿನ್ ಒಮ್ಮೊಮ್ಮೆ ಚೆನ್ನಾಗಿಯೇ ಇಳಿದಿರುತ್ತದೆ. ಮಂಗಳೂರಿನಲ್ಲಿ ವರ್ಷಗಟ್ಟಲೆ ಕಾಡಿದ್ದು ಹೆಚ್ಚಾಗಿ ಇದೇ ಜಾತಿ. "ಸ್ವಲ್ಪವೇ ಇದೆ ಅಂದ್ರಿ, ರಕ್ತ ಯಾಕೆ ಇಷ್ಟು ಕಡಿಮೆ ಆಯ್ತು ಡಾಕ್ಟ್ರೇ?" ಎಂದು ಮನೆಯವರು ಕೇಳುವುದು ಸರಿಯಾಗಿಯೇ ಇದೆ.

ಕೆಂಪು ಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಬೆಳೆಯುತ್ತಾ ತನ್ನ ಕೋಶಕೇಂದ್ರವನ್ನು ಹೊರಹಾಕಿ ರೆಟಿಕ್ಯುಲೊಸೈಟ್ ಆಗುತ್ತದೆ, ಅಂದರೆ ಎಳೆಯ ಕಣ. ರಕ್ತಕ್ಕೆ ಬಂದು ಸುಮಾರು ಒಂದು ದಿನದಲ್ಲಿ ಬಲಿಯುತ್ತದೆ. ಹಾಗಾಗಿ ಹರಿಯುವ ರಕ್ತದಲ್ಲಿ ಎಳೆಯ ಕಣಗಳು ನೂರಕ್ಕೆ ಒಂದೋ ಎರಡೋ.

ವೈವ್ಯಾಕ್ಸ್‌ಗೆ ಬೇಕಾದದ್ದು ಇವೇ. ಹಿಮೋಗ್ಲೋಬಿನ್ ತಯಾರಿಸಲು ಎಳೆಯ ಕಣಕ್ಕೆ ಕಬ್ಬಿಣ ಬೇಕು. ಅದನ್ನು ಒಳಗೆಳೆಯಲು ಮೈಮೇಲೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂಬ ಪ್ರೋಟೀನ್ ಇರುತ್ತದೆ. ಬಲಿತ ಮೇಲೆ ಅದು ಕಳಚಿಹೋಗುತ್ತದೆ. ವೈವ್ಯಾಕ್ಸ್ ಇದನ್ನೇ ಬಾಗಿಲ ಚಿಲಕದಂತೆ ಹಿಡಿಯುತ್ತದೆ ಎಂದು ಮೆಲ್ಬರ್ನ್‌ನ ವಿಜ್ಞಾನಿಗಳ ತಂಡ 2018ರಲ್ಲಿ ತೋರಿಸಿತು. ಒಳಹೋಗಲು ಡಫಿ ಎಂಬ ಇನ್ನೊಂದು ಪ್ರೋಟೀನೂ ಬೇಕು. ಪಶ್ಚಿಮ ಆಫ್ರಿಕಾದ ಬಹುತೇಕರ ಕಣಗಳ ಮೇಲೆ ಅದಿಲ್ಲ, ಹಾಗಾಗಿ ಅಲ್ಲಿ ವೈವ್ಯಾಕ್ಸ್ ಅಪರೂಪ.

ಮಲೇರಿಯಾದ ಇನ್ನೊಂದು ಜಾತಿ ಫಾಲ್ಸಿಪೇರಮ್ ಇಷ್ಟು ಚೂಸಿ ಅಲ್ಲ. ಎಳೆಯದು, ಬಲಿತದ್ದು ಎಲ್ಲವನ್ನೂ ಹೊಗುತ್ತದೆ, ಅದಕ್ಕೇ ಅದರ ಸಂಖ್ಯೆ ಹಾಗೆ ಏರುವುದು. ಆದರೆ ಸೊಳ್ಳೆಗೆ ದಾಟಬೇಕಾದ ಅದರ ಗ್ಯಾಮೆಟೊಸೈಟ್‌ಗಳು ಹತ್ತು–ಹನ್ನೆರಡು ದಿನ ಹೆಚ್ಚಾಗಿ ಮಜ್ಜೆಯಲ್ಲೇ ಅಡಗಿ ಬೆಳೆಯುತ್ತವೆ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಆ ಎಳೆ ಹಂತಗಳು ಸಿಗುವುದು ಕಷ್ಟ.

ವೈವ್ಯಾಕ್ಸ್ ಕೂಡ ಅಡಗುತ್ತದೆ. ಇಂಡೋನೇಷ್ಯಾದ ಪಪುವಾದಲ್ಲಿ ಬೇರೆ ಕಾರಣಕ್ಕೆ ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರ ಗುಲ್ಮವನ್ನು ಪರೀಕ್ಷಿಸಿದಾಗ, ಜ್ವರವೇ ಇಲ್ಲದವರಲ್ಲೂ ರೋಗಾಣುಗಳ ಬಹುಪಾಲು ಅಲ್ಲೇ ಕೂತಿತ್ತು. 2021ರಲ್ಲಿ ಬಂದ ಈ ಅಧ್ಯಯನ ಓದಿದ ಮೇಲೆ ಸ್ಲೈಡಿನ ಎಣಿಕೆಯನ್ನು ನಾನು ಒಟ್ಟು ಲೆಕ್ಕ ಎಂದು ಓದುವುದಿಲ್ಲ.

ಇನ್ನು ರಕ್ತ ಇಳಿಯುವ ವಿಷಯ. ಒಡೆದ ಸೋಂಕಿತ ಕಣಗಳು ಅದರಲ್ಲಿ ಸಣ್ಣ ಪಾಲು. ಸೋಂಕೇ ಇಲ್ಲದ ಕಣಗಳನ್ನೂ ಗುಲ್ಮ ಸೋಸಿ ತೆಗೆದುಬಿಡುತ್ತದೆ. ವೈವ್ಯಾಕ್ಸ್‌ನಲ್ಲಿ ಒಂದು ಸೋಂಕಿತ ಕಣಕ್ಕೆ ಇಂಥ 34 ಕಣಗಳು ಹೋಗುತ್ತವೆ ಎಂಬ ಅಂದಾಜಿದೆ. ಅದೇ ಹೊತ್ತಿಗೆ ಮಜ್ಜೆಯೂ ಮಂಕಾಗುತ್ತದೆ. ರೋಗಾಣು ಹಿಮೋಗ್ಲೋಬಿನ್ ತಿಂದು ಉಳಿಸುವ ಕಂದು ಪುಡಿ ಹಿಮೊಜೊಯಿನ್ ಮತ್ತು ಜ್ವರದ ಉರಿಯೂತ ಎರಡೂ ಹೊಸ ಕಣಗಳ ಬೆಳವಣಿಗೆಯನ್ನು ಕೆಡಿಸುತ್ತವೆ. ರಕ್ತ ಇಷ್ಟು ಕಡಿಮೆಯಾದಾಗ ರೆಟಿಕ್ಯುಲೊಸೈಟ್ ಏರಬೇಕು, ಅಲ್ವಾ? ಜ್ವರದ ದಿನಗಳಲ್ಲಿ ಅದು ಬೇಕಾದಷ್ಟು ಏರುವುದಿಲ್ಲ. ಚಿಕಿತ್ಸೆ ಹಿಡಿದ ಮೇಲೆ ಏರುತ್ತದೆ.

ಇಲ್ಲೊಂದು ತೊಡಕಿದೆ. ವೈವ್ಯಾಕ್ಸ್ ಮತ್ತೆ ಮರುಕಳಿಸದಿರಲು ಕೊಡುವ ಪ್ರೈಮಾಕ್ವಿನ್‌ಗೆ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸುತ್ತೇವೆ, ಅದರ ಕೊರತೆ ಇದ್ದವರಲ್ಲಿ ಈ ಮಾತ್ರೆ ಕೆಂಪು ಕಣಗಳನ್ನು ಒಡೆಯಬಹುದು. ಎಳೆಯ ಕಣಗಳಲ್ಲಿ ಈ ಕಿಣ್ವ ಜಾಸ್ತಿ. ಅವು ರಕ್ತದಲ್ಲಿ ಏರಿರುವಾಗ ಪರೀಕ್ಷಿಸಿದರೆ ಕೊರತೆ ಇದ್ದವರದ್ದೂ ನಾರ್ಮಲ್ ಎಂದು ಬರಬಹುದು. ಸಂಶಯವಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ.